ಹಳೆಯ ಕಾರಿನ ಇ.ಸಿ.ಎಂ. ದೋಷ: ಪರೀಕ್ಷಿಸುವ ಕ್ರಮ



ತರಕಾರಿ, ಹೂವು, ಹಾಲಿನ ಕ್ಯಾನುಗಳನ್ನು ಪೇಟೆಗೆ ಸಾಗಿಸಲು ಅನೇಕ ರೈತ ಕುಟುಂಬಗಳು ಹಳೆಯ ಮಾರುತಿ ಕಾರನ್ನೋ ವ್ಯಾನನ್ನೋ ಇಟ್ಟುಕೊಂಡಿವೆ. 1983ರಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಮೊದಲು ಕಾರ್ಬುರೇಟರ್ ಇದ್ದಿತು. 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದಾಗ ಅದರ ಜಾಗಕ್ಕೆ ಇಂಜೆಕ್ಟರುಗಳು ಬಂದವು. ಅವುಗಳನ್ನು ನಡೆಸುವ ವಿದ್ಯುನ್ಮಾನ ಪೆಟ್ಟಿಗೆಯೇ ಇ.ಸಿ.ಎಂ. ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದುದರಿಂದ ಇಂದು ಓಡುತ್ತಿರುವ ಇಂತಹ ಪ್ರತಿಯೊಂದು ಕಾರಿನ ವೈರಿಂಗಿಗೂ ಸಾಕಷ್ಟು ವಯಸ್ಸಾಗಿದೆ.

ಗಾಡಿ ನಿಂತಾಗ "ಇ.ಸಿ.ಎಂ. ಹೋಗಿದೆ" ಎಂದುಬಿಡುವುದು ಸುಲಭ. ಆದರೆ ಪೆಟ್ಟಿಗೆ ದುಬಾರಿ. ಹೊಸದನ್ನು ಹಾಕಿದ ಮೇಲೂ ದೋಷ ಉಳಿದರೆ ಹಣವೂ ಹೋಯಿತು, ಗಾಡಿಯೂ ನಿಂತಿತು. ಅನೇಕ ವೇಳೆ ದೋಷವಿರುವುದು ಪೆಟ್ಟಿಗೆಯಲ್ಲಲ್ಲ, ಅದಕ್ಕೆ ಹೋಗುವ ತಂತಿಗಳಲ್ಲಿ.

ಕೆಲಸ ಮಾಡುವ ಬಗೆ

ಇಂಜಿನ್ನಿನ ಬಿಸಿ, ಒಳಬರುವ ಗಾಳಿ, ತಿರುಗುವ ವೇಗ ಇವುಗಳನ್ನು ಸೆನ್ಸರುಗಳು ತಿಳಿಸುತ್ತವೆ. ಪೆಟ್ಟಿಗೆಯು ಅದರಂತೆ ಎಷ್ಟು ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಹಾರಿಸಬೇಕು ಎಂಬುದನ್ನು ನಿರ್ಧರಿಸುತ್ತದೆ. ಸುಳ್ಳು ಸುದ್ದಿ ಬಂದರೆ ಒಳ್ಳೆಯ ಪೆಟ್ಟಿಗೆಯೂ ತಪ್ಪು ಆಜ್ಞೆ ಕೊಡುತ್ತದೆ.

ಪರೀಕ್ಷೆಯ ಕ್ರಮ

1. ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಬೇಕು. ಇಂಜಿನ್ನಿನ ಎಚ್ಚರಿಕೆ ದೀಪ ಹತ್ತಬೇಕು. ಪೆಟ್ರೋಲ್ ಪಂಪು ಎರಡು ಮೂರು ಸೆಕೆಂಡು ಸದ್ದು ಮಾಡಿ ನಿಲ್ಲಬೇಕು. ಎರಡೂ ಆಗದಿದ್ದರೆ ಪೆಟ್ಟಿಗೆಗೆ ವಿದ್ಯುತ್ ತಲುಪುತ್ತಿಲ್ಲವೆಂದು ಮೊದಲು ಶಂಕಿಸಬೇಕು.

2. ಬ್ಯಾಟರಿಯನ್ನು ಅಳೆಯಬೇಕು. ಗಾಡಿ ನಿಂತಿರುವಾಗ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡಲಾರದು.

3. ಫ್ಯೂಸುಗಳನ್ನು ನೋಡಬೇಕು. ರಿಲೇ ಬಗ್ಗೆ ಸಂಶಯವಿದ್ದರೆ ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಬಹುದು.

4. ಅರ್ತ್ ತಂತಿಗಳ ಕಿಲುಬನ್ನು ಉಜ್ಜಿ ತೆಗೆದು ಬೋಲ್ಟ್ ಬಿಗಿಯಬೇಕು. ಕೀ ಹಾಕಿದ ಸ್ಥಿತಿಯಲ್ಲಿ ಪೆಟ್ಟಿಗೆಯ ಅರ್ತ್ ತಂತಿ ಮತ್ತು ಬ್ಯಾಟರಿಯ ಮೈನಸ್ ನಡುವೆ ಮೀಟರಿಟ್ಟರೆ 0.1 ವೋಲ್ಟಿಗಿಂತ ಹೆಚ್ಚು ತೋರಿಸಬಾರದು.

5. ಕಣಜದ ಬಳಿ, ಹುಲ್ಲಿನ ಮೆದೆಯ ಪಕ್ಕದಲ್ಲಿ ನಿಲ್ಲುವ ಗಾಡಿಯ ತಂತಿಗಳನ್ನು ಇಲಿ ಕಡಿಯುವುದುಂಟು. ಇಂಜಿನ್ ಓಡುತ್ತಿರುವಾಗ ತಿರುಗುವ ಬೆಲ್ಟು, ಫ್ಯಾನುಗಳಿಂದ ಕೈ ದೂರವಿಟ್ಟು ವೈರಿಂಗನ್ನು ಮೆಲ್ಲಗೆ ಅಲುಗಿಸಬೇಕು. ಎಲ್ಲಿ ಅಲುಗಿಸಿದಾಗ ಇಂಜಿನ್ ತಡವರಿಸುವುದೋ ಅಲ್ಲಿಯೇ ದೋಷ.

6. ಹಲವು ಸೆನ್ಸರುಗಳಿಗೆ ಪೆಟ್ಟಿಗೆಯಿಂದ 5 ವೋಲ್ಟ್ ಬರುತ್ತದೆ. ಅದು ಬಾರದಿದ್ದರೆ ಕೀ ಆರಿಸಿ ಸೆನ್ಸರುಗಳ ಕನೆಕ್ಟರನ್ನು ಒಂದೊಂದಾಗಿ ಬಿಡಿಸುತ್ತಾ, ಪ್ರತಿಸಲವೂ ಕೀ ಹಾಕಿ ಅಳೆಯಬೇಕು. ಯಾವುದನ್ನು ಬಿಡಿಸಿದಾಗ 5 ವೋಲ್ಟ್ ಮರಳುವುದೋ ಆ ಸೆನ್ಸರಾಗಲಿ ಅದರ ತಂತಿಯಾಗಲಿ ಶಾರ್ಟ್ ಆಗಿದೆ.

ಬಿಸಿಯಾದೊಡನೆ ನಿಂತು, ತಣ್ಣಗಾದ ಮೇಲೆ ಚಾಲೂ ಆಗುವ ಗಾಡಿಯಲ್ಲಿ ಇಂಜಿನ್ನಿನ ತಿರುಗುವಿಕೆಯನ್ನು ತಿಳಿಸುವ ಸೆನ್ಸರನ್ನು ಮೊದಲು ಪರೀಕ್ಷಿಸುವುದು ಲೇಸು. ಈ ಲಕ್ಷಣ ನೋಡಿ ಪೆಟ್ಟಿಗೆ ಬದಲಿಸಿದವರು ಸುಮ್ಮನೆ ಹಣ ಕಳೆದುಕೊಳ್ಳುತ್ತಾರೆ.

ಪೆಟ್ಟಿಗೆ ಕೆಟ್ಟಿದೆ ಎನ್ನುವುದು ಯಾವಾಗ?

ವಿದ್ಯುತ್, ಅರ್ತ್, ಸೆನ್ಸರ್ ಎಲ್ಲವೂ ಸರಿಯಿದ್ದು ಇಂಜೆಕ್ಟರಿಗೆ ಆಜ್ಞೆ ಬಾರದಿದ್ದರೆ, ಅಥವಾ ಪೆಟ್ಟಿಗೆಯೊಳಗೆ ನೀರು ಹೊಕ್ಕ ಗುರುತು, ಸುಟ್ಟ ವಾಸನೆ ಇದ್ದರೆ ಪೆಟ್ಟಿಗೆಯನ್ನು ಶಂಕಿಸಬಹುದು. ಬದಲಿ ಪೆಟ್ಟಿಗೆಯ ಪಾರ್ಟ್ ನಂಬರ್ ಹಳೆಯದಕ್ಕೆ ಹೊಂದಬೇಕು. ಕಳ್ಳತನ ತಡೆಯುವ ಕೀ ಇರುವ ಕಾರುಗಳಲ್ಲಿ ಕೀಯನ್ನೂ ಅದಕ್ಕೆ ಹೊಂದಿಸಬೇಕಾಗುತ್ತದೆ. ಹಳೆಯದು ಸುಟ್ಟ ಕಾರಣವನ್ನು ಹುಡುಕದೆ ಹೊಸದನ್ನು ಹಾಕಬಾರದು. ಶಾರ್ಟ್ ಆದ ಕಾಯಿಲ್ ಇಲ್ಲವೆ ಇಂಜೆಕ್ಟರ್ ಹೊಸದನ್ನೂ ಸುಡಬಲ್ಲದು.

ಮುನ್ನೆಚ್ಚರಿಕೆಗಳು

ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಬಾರದು. ಪೆಟ್ಟಿಗೆಯ ಕನೆಕ್ಟರ್ ಬಿಡಿಸುವ ಮೊದಲು ಕೀ ಆರಿಸಿ, ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಬೇಕು. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ತಂತಿ, ಪೆಟ್ಟಿಗೆಯ ಕನೆಕ್ಟರ್ ಎರಡನ್ನೂ ಬಿಡಿಸಿರಬೇಕು. ಲಾರಿಯ 24 ವೋಲ್ಟಿನಿಂದ ಕಾರನ್ನು ಚಾಲೂ ಮಾಡಬಾರದು. ಸೆನ್ಸರಿನ ತಂತಿಗೆ ಬಲ್ಬು ಹಚ್ಚಿ ನೋಡದೆ ಡಿಜಿಟಲ್ ಮೀಟರನ್ನೇ ಬಳಸಬೇಕು. ಪಂಪಿನ ನೀರನ್ನು ಕನೆಕ್ಟರುಗಳ ಮೇಲೆ ರಭಸವಾಗಿ ಬಿಡಬಾರದು.

ಮೆಕ್ಯಾನಿಕ್ಕರ ಬಳಿಗೆ ಹೋದಾಗ "ಪೆಟ್ಟಿಗೆ ಬದಲಿಸಿ" ಎನ್ನುವ ಬದಲು, ಬ್ಯಾಟರಿ, ಫ್ಯೂಸ್, ಅರ್ತ್ ಎಷ್ಟೆಷ್ಟು ತೋರಿಸಿದವು ಎಂದು ಬರೆದುಕೊಂಡು ಹೋದ ರೈತರಿಗೆ ಸಮಯವೂ ಹಣವೂ ಉಳಿಯುತ್ತವೆ.