ಮನೆಯ ಫೈಲ್ ಸರ್ವರ್: ಹಣ ಯಾವುದಕ್ಕೆ ಹಾಕಬೇಕು?

(ವಿದ್ಯಾರ್ಥಿಗಳ ಕಂಪ್ಯೂಟರ್ ಶಿಬಿರದಲ್ಲಿ ಮಾಡಿದ ಭಾಷಣ)



ನಿಮ್ಮ ಮನೆಯ ಅಂಕಪಟ್ಟಿ, ಜಾಗದ ಕಾಗದಪತ್ರ, ಮದುವೆಯ ಫೋಟೋ, ಇನ್‌ಪೇಜ್‌ನಲ್ಲಿ ಬರೆದ ಉರ್ದು ಟಿಪ್ಪಣಿ, ನುಡಿಯಲ್ಲಿ ಬರೆದ ಕನ್ನಡ ಪಾಠ ಇವೆಲ್ಲ ಈಗ ಎಲ್ಲಿವೆ? ಒಂದಷ್ಟು ಅಣ್ಣನ ಲ್ಯಾಪ್‌ಟಾಪಿನಲ್ಲಿ, ಒಂದಷ್ಟು ಅಬ್ಬಾರ ಮೊಬೈಲಿನಲ್ಲಿ, ಉಳಿದದ್ದು ಯಾವುದೋ ಪೆನ್‌ಡ್ರೈವಿನಲ್ಲಿ. ಇವನ್ನು ಒಂದೇ ಕಡೆ ಇಟ್ಟು, ಮನೆಮಂದಿಗೆಲ್ಲ ಸಿಗುವಂತೆ ಮಾಡುವ ಕಂಪ್ಯೂಟರಿಗೆ ಫೈಲ್ ಸರ್ವರ್ ಎನ್ನುತ್ತಾರೆ. ಅದಕ್ಕೆ ಏನೇನು ಕೊಳ್ಳಬೇಕು ಎಂಬುದೇ ಇಂದಿನ ವಿಷಯ.

ಮೊದಲನೆಯದು ಪ್ರೊಸೆಸರ್. ಜಾಹೀರಾತಿನಲ್ಲಿ ಇದೇ ಮುಂದೆ. ನಮ್ಮ ಕೆಲಸಕ್ಕೆ ಇದೇ ಹಿಂದೆ. ಫೈಲ್ ಕೊಡುವುದು, ಪಡೆಯುವುದು ಹಗುರವಾದ ಕೆಲಸ. ಹಳೆಯ ಡೆಸ್ಕ್‌ಟಾಪ್ ಇದ್ದರೆ ಸಾಕು, 4 ಜಿಬಿ ರ‍್ಯಾಮ್ ಸಾಕು. 2019ರಲ್ಲಿ ಬಂದ ಅಂಗೈಯಗಲದ ರಾಸ್ಪ್‌ಬೆರಿ ಪೈ 4 ಕೂಡ ಇದನ್ನು ಮಾಡುತ್ತದೆ. ಆದರೆ ಅದಕ್ಕೆ ಡಿಸ್ಕನ್ನು ಯುಎಸ್‌ಬಿ ಮೂಲಕ ಜೋಡಿಸಬೇಕು.

ಎರಡನೆಯದು ಕರೆಂಟು. ಸರ್ವರ್ ಹಗಲಿರುಳು ಓಡುತ್ತದೆ. 60 ವ್ಯಾಟ್ ತಿನ್ನುವ ಹಳೆಯ ಯಂತ್ರ ವರ್ಷಕ್ಕೆ ಸುಮಾರು 525 ಯೂನಿಟ್ ಸುಡುತ್ತದೆ. 10 ವ್ಯಾಟಿನದು 88 ಯೂನಿಟ್ ಮಾತ್ರ. ಪುಕ್ಕಟೆ ಸಿಕ್ಕ ಯಂತ್ರ ಪುಕ್ಕಟೆಯಲ್ಲ ಎಂಬುದನ್ನು ಲೆಕ್ಕ ಹಾಕಿ ನೋಡಿ.

ಮೂರನೆಯದು ತಂತಿ. 100 ಮೆಗಾಬಿಟ್‌ನ ಹಳೆಯ ಜಾಲದಲ್ಲಿ 100 ಜಿಬಿ ಸಾಗಿಸಲು ಸುಮಾರು ಎರಡೂವರೆ ಗಂಟೆ ಬೇಕು. ಗಿಗಾಬಿಟ್‌ನಲ್ಲಿ ಕಾಲು ಗಂಟೆ. ರೌಟರ್, ಕೇಬಲ್, ಯಂತ್ರ ಮೂರೂ ಗಿಗಾಬಿಟ್‌ನವೇ ಆಗಿರಲಿ.

ಇನ್ನು ಮುಖ್ಯವಾದದ್ದು ಡಿಸ್ಕ್. ಉಳಿಸಿದ ಹಣವನ್ನೆಲ್ಲ ಇಲ್ಲಿ ಹಾಕಿ. ಒಂದೇ ದೊಡ್ಡ ಡಿಸ್ಕಿನ ಬದಲು ಒಂದೇ ಅಳತೆಯ ಎರಡನ್ನು ಕೊಂಡು, ಬರೆದದ್ದು ಎರಡರಲ್ಲೂ ದಾಖಲಾಗುವಂತೆ ಮಾಡಿ. ಇದಕ್ಕೆ ರೇಡ್ 1 ಎಂದು ಹೆಸರು. ಒಂದು ಕೆಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ಕೊಳ್ಳುವಾಗ ಸಿಎಂಆರ್ ಡಿಸ್ಕೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಎಸ್‌ಎಂಆರ್ ಡಿಸ್ಕಿನಲ್ಲಿ ದತ್ತಾಂಶದ ಸಾಲುಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಚಾಚಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕಾಗಿ ಕೆಲಸ ನಿಧಾನವಾಗುತ್ತದೆ. ಸರ್ವರಿಗೆಂದೇ ಮಾರುತ್ತಿದ್ದ ಕೆಲವು ರೆಡ್ ಡಿಸ್ಕುಗಳೂ ಎಸ್‌ಎಂಆರ್ ಎಂದು ವೆಸ್ಟರ್ನ್ ಡಿಜಿಟಲ್ ಕಂಪನಿ 2020ರಲ್ಲಿ ಒಪ್ಪಿಕೊಂಡಿತು. ಆದ್ದರಿಂದ ಹೆಸರು ನೋಡಿ ಕೊಳ್ಳಬೇಡಿ, ಮಾದರಿ ಸಂಖ್ಯೆ ನೋಡಿ ಕೊಳ್ಳಿ.

ಮಿತ್ರರೇ, ಎರಡು ಡಿಸ್ಕ್ ಇದ್ದರೆ ಎಲ್ಲ ಭದ್ರ ಎಂದುಕೊಳ್ಳಬೇಡಿ. ಕೈತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ವೈರಸ್ಸು, ಸಿಡಿಲು, ಕಳ್ಳ ಎರಡನ್ನೂ ಬಿಡುವುದಿಲ್ಲ. ವಾರಕ್ಕೊಮ್ಮೆ ಮೂರನೆಯ ಡಿಸ್ಕಿಗೆ ನಕಲು ತೆಗೆದು ಬಂಧುಗಳ ಮನೆಯಲ್ಲಿಡಿ. ದಿಢೀರನೆ ಕರೆಂಟು ಹೋಗುವ ಊರಿನವರು ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ.

ಪ್ರೊಸೆಸರ್ ಸುಟ್ಟರೆ ಅಂಗಡಿಯಲ್ಲಿ ಮತ್ತೊಂದು ಸಿಗುತ್ತದೆ. ತೀರಿಹೋದ ಅಜ್ಜಿಯ ದನಿ ಯಾವ ಅಂಗಡಿಯಲ್ಲೂ ಸಿಗದು. ಯಾವುದಕ್ಕೆ ಖರ್ಚು ಮಾಡಬೇಕೆಂದು ನೀವೇ ಯೋಚಿಸಿ.