ಕಾಗೋಡಿನ ಕೊಳಗ, ಮೇಯೊದ ಗೇಣಿ

ಐರ್ಲೆಂಡಿನದು ಕ್ಯಾಥೊಲಿಕರು ಮತ್ತು ಪ್ರಾಟೆಸ್ಟೆಂಟರ ಮತಜಗಳ ಎಂದು ಹೇಳಿ ಮುಗಿಸುವುದು ಸುಲಭ. ಗೇಣಿ ಹೋರಾಟ ನಡೆದ ಕಾಗೋಡು ಎಂಬ ಹಳ್ಳಿಯನ್ನು ಬಲ್ಲ ಸಾಗರ ಸೀಮೆಯವರು ಮಾತ್ರ ಜಮೀನು ಯಾರದು ಎಂದು ಮೊದಲು ಕೇಳಿಯಾರು.

ಕಾಗೋಡಿನಲ್ಲಿ ಜಗಳ ಹತ್ತಿದ್ದು ಕೊಳಗಕ್ಕೆ. ಗೇಣಿ ಭತ್ತ ಅಳೆಯಲು ಒಡೆಯರು ಬಳಸುವ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು ಎಂಬುದು ಒಕ್ಕಲುಗಳ ದೂರು. ಕಣದಲ್ಲಿ ರಾಶಿ ಕರಗುತ್ತಿದ್ದುದು ಅವರ ಕಣ್ಣೆದುರಿಗೇ. ಒಕ್ಕಲುಗಳು ಹೆಚ್ಚಾಗಿ ದೀವರು, ಒಡೆಯರು ಲಿಂಗಾಯತರು. ಇದನ್ನು ಜಾತಿಜಗಳವೆಂದು ಕರೆಯಲು ಬೇಕಾದದ್ದೆಲ್ಲ ಅಲ್ಲಿತ್ತು. ಆದರೆ ಎಚ್. ಗಣಪತಿಯಪ್ಪ ಕಟ್ಟಿದ ರೈತ ಸಂಘ ಅದನ್ನು ಗೇಣಿಯ ಪ್ರಶ್ನೆಯಾಗಿಯೇ ಉಳಿಸಿತು. 1951ರ ಏಪ್ರಿಲ್‌ನಿಂದ ರೈತರು ನೇಗಿಲು ಹಿಡಿದು ಗದ್ದೆಗಿಳಿದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಮರುವರ್ಷ ಸಾಗರ-ಹೊಸನಗರ ಕ್ಷೇತ್ರ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು.

ಐರ್ಲೆಂಡಿನ ಮೇಯೊದಲ್ಲಿ 1880ರಲ್ಲಿ ನಡೆದದ್ದೂ ಗೇಣಿಯ ತಕರಾರೇ. ಜಮೀನುದಾರನ ಏಜೆಂಟ್ ಚಾರ್ಲ್ಸ್ ಬಾಯ್ಕಾಟ್‌ನ ಹೊಲಕ್ಕೆ ಊರವರು ಕಾಲಿಡಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಬಹಿಷ್ಕಾರಕ್ಕೆ ಇಂಗ್ಲಿಷಿನಲ್ಲಿ ಅವನ ಹೆಸರೇ ನಿಂತಿತು. ಕೊಯ್ಲಿಗೆ ಬಂದವರು ಉತ್ತರದ ಐವತ್ತು ಮಂದಿ ಪ್ರಾಟೆಸ್ಟೆಂಟರು, ಕಾವಲಿಗೆ ಸೈನ್ಯ. ಬೆಳೆಯ ಬೆಲೆಯ ಎಷ್ಟೋ ಪಟ್ಟು ಕಾವಲಿಗೇ ಖರ್ಚಾಯಿತು! ಗೇಣಿಯ ಜಗಳಕ್ಕೆ ಮತದ ಬಣ್ಣ ಹತ್ತಿದ್ದು ಹೀಗೆ.

1903ರ ಕಾಯ್ದೆ ಐರಿಷ್ ಗೇಣಿದಾರರಿಗೆ ಸರ್ಕಾರಿ ಸಾಲ ಕೊಟ್ಟು ಜಮೀನು ಕೊಡಿಸಿತು. ಇಲ್ಲಿ ಉಳುವವನಿಗೇ ಭೂಮಿ ಕೊಡಿಸುವ, ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅದನ್ನು ನೋಡಲು ಗೋಪಾಲಗೌಡರಿರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

ಉತ್ತರ ಐರ್ಲೆಂಡಿನ ಗಾಯ ಮಾತ್ರ ಜಮೀನಿನ ಕಾಯ್ದೆಗೆ ಮಾಯುವಂಥದ್ದಲ್ಲ. 1921ರ ವಿಭಜನೆಯ ನಂತರ ಅಲ್ಲಿ ಅಲ್ಪಸಂಖ್ಯಾತರಾದ ಕ್ಯಾಥೊಲಿಕರು 1968ರಲ್ಲಿ ಬೀದಿಗಿಳಿದದ್ದು ಕೌನ್ಸಿಲ್ ಮನೆಗಳ ಹಂಚಿಕೆ, ಸ್ಥಳೀಯ ಮತದಾನದ ಹಕ್ಕುಗಳಿಗಾಗಿ. ಪೊಲೀಸರು ಲಾಠಿ ಬೀಸಿದರು, ಬಂದೂಕು ಬಂತು. ಮೂರು ದಶಕಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. 1998ರ ಗುಡ್ ಫ್ರೈಡೆ ಒಪ್ಪಂದ ಯಾರಿಗೂ ಗೆಲುವು ಬರೆದುಕೊಡದೆ ಎರಡೂ ಕಡೆಯವರನ್ನು ಒಂದೇ ಸರ್ಕಾರದಲ್ಲಿ ಕೂರಿಸಿತು. ಜಾಣತನವೆಂದರೆ ಅದು. ಆದರೂ ಬೆಲ್‌ಫಾಸ್ಟ್‌ನ ಕೇರಿಗಳ ನಡುವಿನ ಗೋಡೆಗಳು ಪೂರ್ತಿ ಬಿದ್ದಿಲ್ಲ.

ಇಲ್ಲೂ ಬಾಕಿ ಉಳಿದವರಿದ್ದಾರೆ. ಕಾಯ್ದೆ ಬರುವ ಹತ್ತು ವರ್ಷ ಮೊದಲೇ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರು ಸಾಗರ, ಹೊಸನಗರಗಳ ಗದ್ದೆಗಳನ್ನು ನುಂಗಿತ್ತು. ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕಾಗಿ ಇಂದಿಗೂ ಅರ್ಜಿ ಹಿಡಿದು ಅಲೆಯುತ್ತಿವೆ.