ಕೊಲ್ಲಿಯ ದಡದ ಕಾರ್ಖಾನೆ ಊರು: ರಿಚ್ಮಂಡ್



ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದರೆ ಬೇ ಏರಿಯಾದ ನಾವು ಅವರನ್ನು ಎಲ್ಲೆಲ್ಲಿಗೆ ಕರೆದುಕೊಂಡು ಹೋಗುತ್ತೇವೆ? ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ, ಸ್ಟ್ಯಾನ್‌ಫರ್ಡ್, ಆಪಲ್, ಗೂಗಲ್ ಕಚೇರಿಗಳ ಮುಂದೆ ಒಂದೊಂದು ಫೋಟೋ. ರಿಚ್ಮಂಡ್‌ಗೆ ಹೋಗೋಣ ಅಂದವರನ್ನು ನಾನಂತೂ ಕಂಡಿಲ್ಲ. ಆ ಊರಿನ ಹೆಸರು ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಬಾರ್ಟ್ ರೈಲಿನ ಬೋರ್ಡಿನಿಂದ. ಫ್ರೀಮಾಂಟ್‌ನಲ್ಲೋ ಮಿಲ್ಪಿಟಸ್‌ನಲ್ಲೋ ನಿಂತಿದ್ದಾಗ ಬರುವ ಕಿತ್ತಳೆ ಬಣ್ಣದ ಮಾರ್ಗದ ರೈಲಿನ ಕೊನೆಯ ನಿಲ್ದಾಣ ರಿಚ್ಮಂಡ್. ಈ ದಿನ ಆ ಕೊನೆಯ ನಿಲ್ದಾಣದವರೆಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದು ನನ್ನಾಸೆ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದಲ್ಲಿ, ಬರ್ಕ್ಲಿಯಿಂದ ಸ್ವಲ್ಪ ಉತ್ತರಕ್ಕೆ, ಕಾಂಟ್ರಾ ಕೋಸ್ಟಾ ಕೌಂಟಿಯಲ್ಲಿದೆ ಈ ಊರು. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 1,16,000. ನಮ್ಮ ಕಡೆಯ ಲೆಕ್ಕದಲ್ಲಿ ಒಂದು ಸಾಧಾರಣ ಪಟ್ಟಣ. ಆದರೆ ಕೊಲ್ಲಿಯ ಅಂಚಿನುದ್ದಕ್ಕೂ 32 ಮೈಲಿ ದಡ ಇದಕ್ಕಿದೆ. ಈ ದಡವೇ ಊರಿನ ಭಾಗ್ಯ, ಈ ದಡವೇ ಊರಿನ ಕಷ್ಟ. ಹೇಗೆ ಅಂತ ಹೇಳುತ್ತೇನೆ.

ಮೊದಲು ಇಲ್ಲಿದ್ದವರು ಓಲೋನಿ ಮೂಲನಿವಾಸಿಗಳು. ಚಿಪ್ಪು, ಮೀನು ಹಿಡಿದು ಬದುಕಿದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಚೀನೀಯರು ದಡದಲ್ಲಿ ಗುಡಿಸಲು ಹಾಕಿಕೊಂಡು ಸಿಗಡಿ ಹಿಡಿದು ಒಣಗಿಸುತ್ತಿದ್ದರು. ನಮ್ಮ ಕರಾವಳಿಯವರಿಗೆ ಒಣ ಸಿಗಡಿಯ ವಾಸನೆ ಬಿಡಿಸಿ ಹೇಳಬೇಕಿಲ್ಲ. 1900ರಲ್ಲಿ ಷಿಕಾಗೋದಿಂದ ಬರುವ ಸಾಂಟಾ ಫೆ ರೈಲು ಇಲ್ಲಿಯ ನೀರಿನಂಚಿಗೆ ಬಂದು ನಿಂತಿತು. ರೈಲೂ ಇದೆ, ಹಡಗೂ ಬರುತ್ತದೆ ಅಂದಮೇಲೆ ಕಾರ್ಖಾನೆಯವರು ಬಿಡುತ್ತಾರೆಯೇ? 1902ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ತೈಲ ಸಂಸ್ಕರಣಾಗಾರ ಶುರುವಾಯಿತು. ಅದೇ ಇಂದಿನ ಶೆವ್ರಾನ್. ಗಮನಿಸಿ, ಊರಿಗೆ ಪಟ್ಟಣದ ಪಟ್ಟ ಸಿಕ್ಕಿದ್ದು 1905ರಲ್ಲಿ. ಅಂದರೆ ಇಲ್ಲಿ ಕಾರ್ಖಾನೆ ಅಕ್ಕ, ಊರು ತಂಗಿ. ಮುಂದಿನ ನೂರಿಪ್ಪತ್ತು ವರ್ಷ ತಂಗಿ ಅಕ್ಕನ ಮಾತು ಮೀರಲು ಹೆಣಗಿದ್ದೇ ಈ ಊರಿನ ಕಥೆ.

ಆಮೇಲೆ ಒಂದರ ಹಿಂದೆ ಒಂದು ಬಂದವು. 1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದ್ರಾಕ್ಷಾರಸದ ಉಗ್ರಾಣಗಳು ಹಾಳಾದಾಗ ಅದರ ವ್ಯಾಪಾರಿಗಳು ರಿಚ್ಮಂಡ್ ದಡದಲ್ಲಿ ವೈನ್‌ಹೇವನ್ ಎಂಬ ದೊಡ್ಡ ವೈನರಿ ಕಟ್ಟಿದರು. ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು ಅನ್ನಿಸಿಕೊಂಡಿತು. ಪಾನನಿಷೇಧ ಬಂತು, ಮುಚ್ಚಿತು. ಕೋಟೆಯಂಥ ಇಟ್ಟಿಗೆಯ ಕಟ್ಟಡ ಮಾತ್ರ ಈಗಲೂ ನಿಂತಿದೆ. 1910ರಲ್ಲಿ ಪುಲ್‌ಮನ್ ರೈಲು ಬೋಗಿಗಳ ಕಾರ್ಯಾಗಾರ ಬಂತು. 1931ರ ಹೊತ್ತಿಗೆ ಆಲ್ಬರ್ಟ್ ಕಾನ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ, ಕೊಲ್ಲಿಯ ಕಡೆಗೆ ಗಾಜಿನ ಗೋಡೆಗಳಿರುವ ಫೋರ್ಡ್ ಕಾರಿನ ಕಾರ್ಖಾನೆ ಎದ್ದಿತು. ಅಮೆರಿಕದ ಕೊನೆಯ ತಿಮಿಂಗಿಲ ಬೇಟೆಯ ಕೇಂದ್ರ ಕೂಡ ಇದೇ ಊರಿನ ತುದಿಯಲ್ಲಿತ್ತು. 1971ರಲ್ಲಿ ಬಾಗಿಲು ಹಾಕಿತು.

ಆದರೆ ಊರಿನ ಹಣೆಬರಹ ಬದಲಾದದ್ದು ಎರಡನೆಯ ಮಹಾಯುದ್ಧದಲ್ಲಿ. 1940ರಲ್ಲಿ ರಿಚ್ಮಂಡ್‌ನ ಜನಸಂಖ್ಯೆ 24,000ಕ್ಕಿಂತ ಕಡಿಮೆ. ಹೆನ್ರಿ ಕೈಸರ್ ಎಂಬ ಉದ್ಯಮಿ ಇಲ್ಲಿ ನಾಲ್ಕು ಹಡಗುಕಟ್ಟೆಗಳನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಊರಿನ ಜನ ಒಂದು ಲಕ್ಷದ ಗಡಿ ಮುಟ್ಟಿದರು. ಲೂಸಿಯಾನ, ಟೆಕ್ಸಸ್, ಅರ್ಕನ್ಸಾ, ಒಕ್ಲಹೋಮಗಳಿಂದ ಬಡವರು ಗಂಟುಮೂಟೆ ಕಟ್ಟಿಕೊಂಡು ಬಂದರು. ಮನೆಗಳು ಸಾಲಲಿಲ್ಲ. ಒಂದೇ ಹಾಸಿಗೆಯನ್ನು ಪಾಳಿಯ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರು. ಒಬ್ಬ ಎದ್ದು ಕೆಲಸಕ್ಕೆ ಹೋದರೆ ಇನ್ನೊಬ್ಬ ಕೆಲಸ ಮುಗಿಸಿ ಬಂದು ಅದೇ ಬಿಸಿ ಹಾಸಿಗೆಯಲ್ಲಿ ಮಲಗುವುದು. ಯುದ್ಧ ಮುಗಿಯುವಷ್ಟರಲ್ಲಿ ಈ ನಾಲ್ಕು ಕಟ್ಟೆಗಳಿಂದ 747 ಹಡಗುಗಳು ನೀರಿಗಿಳಿದಿದ್ದವು.

ಅಷ್ಟು ಬೇಗ ಹಡಗು ಕಟ್ಟಿದ್ದು ಹೇಗೆ? ಹಳೆಯ ಪದ್ಧತಿಯಲ್ಲಿ ಉಕ್ಕಿನ ತಗಡುಗಳನ್ನು ಒಂದೊಂದಾಗಿ ಜೋಡಿಸಿ ರಿವೆಟ್ ಹೊಡೆಯಬೇಕಿತ್ತು. ಇಲ್ಲಿ ಹಡಗನ್ನು ದೊಡ್ಡ ದೊಡ್ಡ ತುಂಡುಗಳಾಗಿ ಬೇರೆ ಬೇರೆ ಕಡೆ ತಯಾರಿಸಿ, ಕ್ರೇನಿನಿಂದ ಎತ್ತಿ ತಂದು ವೆಲ್ಡಿಂಗ್ ಮಾಡಿ ಸೇರಿಸಿದರು. ವೆಲ್ಡಿಂಗನ್ನು ಹೊಸಬರಿಗೂ ಬೇಗ ಕಲಿಸಬಹುದು. 1942ರ ನವೆಂಬರಿನಲ್ಲಿ ‘ರಾಬರ್ಟ್ ಇ. ಪಿಯರಿ’ ಎಂಬ ಹಡಗನ್ನು ಅಡಿಗಟ್ಟು ಹಾಕಿದಲ್ಲಿಂದ ನೀರಿಗಿಳಿಸುವವರೆಗೆ 4 ದಿನ, 15 ಗಂಟೆ, 29 ನಿಮಿಷದಲ್ಲಿ ಮುಗಿಸಿದರು. ನಮ್ಮಲ್ಲಿ ಮದುವೆ ಚಪ್ಪರ ಹಾಕಿ ಬಿಚ್ಚುವಷ್ಟು ಹೊತ್ತು!

ಈ ಹೊಸಬರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೆಂಗಸರು. ‘ರೋಸಿ ದ ರಿವೆಟರ್’ ಎಂಬ ಹೆಸರನ್ನು, ತಲೆಗೆ ಚುಕ್ಕಿ ಬಟ್ಟೆ ಕಟ್ಟಿ ತೋಳೇರಿಸಿ ನಿಂತ ಹೆಂಗಸಿನ ಚಿತ್ರವನ್ನು ನೀವು ಕಂಡೇ ಇರುತ್ತೀರಿ. ರಿಚ್ಮಂಡ್‌ನ ರೋಸಿಯರು ರಿವೆಟ್ ಹೊಡೆದದ್ದಕ್ಕಿಂತ ವೆಲ್ಡಿಂಗ್ ಮಾಡಿದ್ದೇ ಹೆಚ್ಚು. ನಾನು ಗೃಹಿಣಿ. ನನಗೆ ಹಡಗಿನ ದಾಖಲೆಗಿಂತ ಮನಸ್ಸಿಗೆ ತಟ್ಟಿದ್ದು ಇನ್ನೊಂದು ಲೆಕ್ಕ. ಕೈಸರ್ ಕಟ್ಟೆಗಳಲ್ಲಿ ಸುಮಾರು 24,500 ಹೆಂಗಸರು ದುಡಿಯುತ್ತಿದ್ದ ಕಾಲದಲ್ಲಿ ಊರಿನ ಶಿಶುವಿಹಾರಗಳಿಗೆ ದಿನಕ್ಕೆ ಸುಮಾರು 1,400 ಮಕ್ಕಳು ಬರುತ್ತಿದ್ದರು. 1943ರಲ್ಲಿ ತೆರೆದ ಮ್ಯಾರಿಟೈಮ್ ಶಿಶುಕೇಂದ್ರದಲ್ಲಿ ತರಬೇತಿ ಪಡೆದ ಶಿಕ್ಷಕಿಯರು, ಹೊತ್ತುಹೊತ್ತಿಗೆ ಊಟ, ಆರೋಗ್ಯ ತಪಾಸಣೆ ಎಲ್ಲ ಇತ್ತು. ದೇಶಕ್ಕೆ ಹೆಂಗಸರ ಕೈ ಬೇಕಾದಾಗ, ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಸರಕಾರ, ಕಂಪನಿ, ಊರು ಮೂರೂ ಸೇರಿ ಉತ್ತರ ಹುಡುಕಿದವು. ಅಂದರೆ ಅದು ಆಗದ ಕೆಲಸವೇನಲ್ಲ! ಯುದ್ಧ ಮುಗಿಯಿತು, ‘ಇನ್ನು ಮನೆಗೆ ಹೋಗಮ್ಮ’ ಅಂದರು. ಕೆಲಸಕ್ಕೆ ಪರವಾನಗಿ ಇಲ್ಲದ ವೀಸಾದಲ್ಲಿ ಬಂದು, ಎಂಜಿನಿಯರಿಂಗ್ ಓದಿಯೂ ವರ್ಷಗಟ್ಟಲೆ ಮನೆಯಲ್ಲೇ ಉಳಿದ ಹೆಣ್ಣುಮಕ್ಕಳು ನಮ್ಮ ಕನ್ನಡ ಕೂಟಗಳಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಬೇಕಾದಾಗ ಕರೆಯುವುದು, ಬೇಡವಾದಾಗ ಬಾಗಿಲು ಹಾಕುವುದು ಅವರಿಗೆ ಹೊಸ ಮಾತಲ್ಲ.

ನಮಗೆ ತೀರಾ ಹತ್ತಿರದ ಇನ್ನೊಂದು ಸಂಗತಿ ಇಲ್ಲಿಂದಲೇ ಹೊರಟಿತು. ನಮ್ಮಲ್ಲಿ ಎಷ್ಟೋ ಮಂದಿಯ ಮಕ್ಕಳು ಹುಟ್ಟಿದ್ದು ಕೈಸರ್ ಪರ್ಮನೆಂಟೆ ಆಸ್ಪತ್ರೆಗಳಲ್ಲಿ. ಹಡಗುಕಟ್ಟೆಯ ಕೆಲಸಗಾರರಿಗಾಗಿ ಸಿಡ್ನಿ ಗಾರ್ಫೀಲ್ಡ್ ಎಂಬ ವೈದ್ಯರು ನಡೆಸಿದ, ಮೊದಲೇ ಸಣ್ಣ ಮೊತ್ತ ಕಟ್ಟಿಸಿಕೊಂಡು ಚಿಕಿತ್ಸೆ ಕೊಡುವ ವ್ಯವಸ್ಥೆಯೇ 1945ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡು ಈಗಿನ ಕೈಸರ್ ಆಯಿತು. ‘ಪರ್ಮನೆಂಟೆ’ ಅನ್ನುವುದು ಕ್ಯುಪರ್ಟಿನೋ ಹತ್ತಿರದ ಒಂದು ತೊರೆಯ ಹೆಸರು. ಅದರ ಬಳಿ ಕೈಸರ್ ಅವರ ಸಿಮೆಂಟು ಕಾರ್ಖಾನೆ ಇತ್ತು.

ಇಷ್ಟೆಲ್ಲ ಹೆಮ್ಮೆಯ ಕಥೆಗೆ ಇನ್ನೊಂದು ಮಗ್ಗುಲಿದೆ. ಯುದ್ಧಕ್ಕೆ ಮೊದಲು ರಿಚ್ಮಂಡ್‌ನಲ್ಲಿ ಗುಲಾಬಿ, ಕಾರ್ನೇಷನ್ ಬೆಳೆಯುತ್ತಿದ್ದ ಜಪಾನಿ ಮೂಲದ ಕುಟುಂಬಗಳಿದ್ದವು. 1942ರಲ್ಲಿ ಅವರನ್ನೆಲ್ಲ ಮನೆ, ಗಾಜಿನ ಹೂಮನೆ ಬಿಡಿಸಿ, ಟ್ಯಾನ್‌ಫೊರಾನ್ ಎಂಬ ಕುದುರೆ ಓಟದ ಮೈದಾನದಂಥ ಶಿಬಿರಗಳಿಗೆ, ಅಲ್ಲಿಂದ ಯೂಟಾದ ಮರುಭೂಮಿಗೆ ಸಾಗಿಸಿದರು. ಅವರಲ್ಲಿ ಅನೇಕರು ಇಲ್ಲಿಯೇ ಹುಟ್ಟಿದ ಅಮೆರಿಕನ್ ಪ್ರಜೆಗಳು. ಇನ್ನು ಕಪ್ಪು ಜನರಿಗೆ ಕೆಲಸ ಸಿಕ್ಕಿತು, ಆದರೆ ಸಂಘದಲ್ಲಿ ಸಮಾನ ಸ್ಥಾನ ಸಿಗಲಿಲ್ಲ. ಯುದ್ಧದ ಕೆಲಸಗಾರರಿಗಾಗಿ ಕಟ್ಟಿದ ಆಚಿಸನ್ ವಿಲೇಜ್ ಎಂಬ ಬಡಾವಣೆಯಲ್ಲಿ ಬಿಳಿಯರಿಗೆ ಮಾತ್ರ ಮನೆ.

ಇದನ್ನು ಮರೆಯದಂತೆ ನೋಡಿಕೊಂಡವರು ಬೆಟ್ಟಿ ರೀಡ್ ಸಾಸ್ಕಿನ್. ಯುದ್ಧಕಾಲದಲ್ಲಿ ಕಪ್ಪು ಕೆಲಸಗಾರರಿಗೆಂದೇ ಬೇರೆ ಮಾಡಿದ್ದ ಸಂಘದ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು. 2000ದಲ್ಲಿ ರಿಚ್ಮಂಡ್‌ನಲ್ಲಿ ರೋಸಿ ದ ರಿವೆಟರ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಗುವ ಮಾತು ಬಂದಾಗ, ರೋಸಿ ಎಂಬುದು ಬಿಳಿ ಹೆಂಗಸರ ಕಥೆ, ನಮ್ಮವರು ಗುಲಾಮಗಿರಿಯ ಕಾಲದಿಂದಲೂ ಹೊರಗೆ ದುಡಿಯುತ್ತಲೇ ಬಂದವರು ಎಂದು ಅವರು ನೆನಪಿಸುತ್ತಿದ್ದರು. ಎಂಬತ್ತು ದಾಟಿದ ಮೇಲೆ ಅದೇ ಉದ್ಯಾನದ ರೇಂಜರ್ ಆಗಿ, ಬಂದವರಿಗೆಲ್ಲ ಈ ಕಥೆ ಹೇಳಿ, 2022ರಲ್ಲಿ ನೂರನೆಯ ವಯಸ್ಸಿನಲ್ಲಿ ನಿವೃತ್ತರಾದರು. ನೂರು ವರ್ಷಕ್ಕೆ ನಿವೃತ್ತಿ! ಅರವತ್ತಕ್ಕೇ ಸಾಕಪ್ಪ ಅನ್ನುವ ನಮಗೆ ಇದೊಂದು ಪಾಠ.

ಯುದ್ಧ ಮುಗಿದ ಕೂಡಲೇ ಹಡಗುಕಟ್ಟೆ ಮುಚ್ಚಿದವು. ಕೆಲಸ ಹೋಯಿತು, ಜನ ಉಳಿದರು. 1955ರಲ್ಲಿ ಫೋರ್ಡ್ ಕಾರ್ಖಾನೆ ಕೂಡ ಊರು ಬಿಟ್ಟಿತು. ಎಲ್ಲಿಗೆ ಹೋಯಿತು ಗೊತ್ತೇ? ಮಿಲ್ಪಿಟಸ್‌ಗೆ. ಅಲ್ಲಿ 1983ರವರೆಗೆ ನಡೆಯಿತು. 1994ರಲ್ಲಿ ಅದೇ ಕಟ್ಟಡ ಗ್ರೇಟ್ ಮಾಲ್ ಆಯಿತು. ದೀಪಾವಳಿಗೆ ಮೊದಲು ನಾವೆಲ್ಲ ಊರಿಗೆ ಒಯ್ಯಲು ಬಟ್ಟೆ, ಶೂ ಖರೀದಿಗೆ ಹೋಗುವ ಆ ಮಾಲ್, ರಿಚ್ಮಂಡ್ ಕಳೆದುಕೊಂಡ ಉದ್ಯೋಗದ ಎರಡನೆಯ ಜನ್ಮ. ಒಂದು ಕಾರ್ಖಾನೆ ನಿಂತರೆ ಇಡೀ ಪೇಟೆ ಹೇಗೆ ಸಪ್ಪೆಯಾಗುತ್ತದೆ ಎಂಬುದು ಭದ್ರಾವತಿಯನ್ನು ಕಂಡವರಿಗೆ ಗೊತ್ತು.

ಉಳಿದದ್ದು ತೈಲದ ಕಾರ್ಖಾನೆ. ದಿನಕ್ಕೆ ಸುಮಾರು ಎರಡೂವರೆ ಲಕ್ಷ ಬ್ಯಾರೆಲ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯ. ಊರಿಗೆ ಅತಿ ಹೆಚ್ಚು ತೆರಿಗೆ ಕಟ್ಟುವುದೂ ಅದೇ, ಊರಿನ ಮಕ್ಕಳ ಉಸಿರಿನ ಬಗ್ಗೆ ತಾಯಂದಿರು ಚಿಂತೆ ಮಾಡುವುದೂ ಅದರಿಂದಲೇ. 1993ರಲ್ಲಿ ಬೇರೊಂದು ರಾಸಾಯನಿಕ ಕಾರ್ಖಾನೆಯ ರೈಲು ಟ್ಯಾಂಕರಿನಿಂದ ಆಮ್ಲದ ಮೋಡ ಹೊರಬಂದು 20,000ಕ್ಕೂ ಹೆಚ್ಚು ಜನ ಆಸ್ಪತ್ರೆಗಳಿಗೆ ಓಡಿದ್ದರು. 2012ರ ಆಗಸ್ಟ್ 6ರಂದು ಶೆವ್ರಾನ್‌ನಲ್ಲಿ, ಒಳಗಿನಿಂದ ಸವೆದು ತೆಳ್ಳಗಾಗಿದ್ದ ಒಂದು ಕೊಳವೆ ಒಡೆದು ಬೆಂಕಿ ಹತ್ತಿತು. ಕಪ್ಪು ಹೊಗೆ ಕೊಲ್ಲಿಯಾಚೆಗೂ ಕಂಡಿತು. ಮುಂದಿನ ವಾರಗಳಲ್ಲಿ ಸುಮಾರು 15,000 ಜನ ಉಸಿರಾಟದ ತೊಂದರೆ, ಕಣ್ಣುರಿ, ತಲೆನೋವು ಎಂದು ವೈದ್ಯರ ಬಳಿ ಹೋದರು. ಕಂಪನಿ 2013ರಲ್ಲಿ ದಂಡ, ಪರಿಹಾರ ಎಂದು 20 ಲಕ್ಷ ಡಾಲರ್ ಕಟ್ಟಿತು. ನಗರ ಹೂಡಿದ ದಾವೆ 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಇವತ್ತಿಗೂ ಪ್ರತಿ ತಿಂಗಳ ಮೊದಲ ಬುಧವಾರ ಬೆಳಿಗ್ಗೆ 11 ಗಂಟೆಗೆ ಆ ಕಡೆಯ ಸೈರನ್‌ಗಳು ಪರೀಕ್ಷೆಗಾಗಿ ಕೂಗುತ್ತವೆ. ಕೂಗು ಕೇಳಿದರೆ ಒಳಗೆ ಹೋಗಬೇಕು, ಕಿಟಕಿ ಮುಚ್ಚಬೇಕು ಎಂದು ಶಾಲೆಯ ಮಕ್ಕಳಿಗೂ ಕಲಿಸುತ್ತಾರೆ.

ನಮ್ಮ ಸುರತ್ಕಲ್, ಪಣಂಬೂರಿನ ಕಡೆಯವರಿಗೆ ಇದು ದೂರದ ಕಥೆ ಅನ್ನಿಸಲಿಕ್ಕಿಲ್ಲ. ಬಂದರು, ತೈಲಾಗಾರ, ರೈಲು, ಪಕ್ಕದಲ್ಲೇ ಸಮುದ್ರ. ಎಂಆರ್‌ಪಿಎಲ್ ಪಕ್ಕದ ಜೋಕಟ್ಟೆಯ ಜನ ಮಸಿ, ವಾಸನೆಯ ವಿರುದ್ಧ ಬೀದಿಗಿಳಿದದ್ದೂ ಇದೇ ಪ್ರಶ್ನೆ ಹಿಡಿದು: ಅನ್ನ ಕೊಡುವ ಕಾರ್ಖಾನೆಯನ್ನು ಬೇಡ ಅನ್ನುವ ಹಾಗಿಲ್ಲ, ಆದರೆ ಉಸಿರು ಮಾರಿ ಅನ್ನ ಕೊಳ್ಳಬೇಕೆ?

ರಿಚ್ಮಂಡ್‌ನ ಜನ ಸುಮ್ಮನೆ ಕೂರಲಿಲ್ಲ. ಕಂಪನಿಯ ಹಣ ಮುಟ್ಟುವುದಿಲ್ಲ ಎಂದು ಹೇಳಿ ನಗರಸಭೆಗೆ ಸ್ಪರ್ಧಿಸಿ ಗೆದ್ದರು. ಸಂಸ್ಕರಿಸುವ ಪ್ರತಿ ಬ್ಯಾರೆಲ್ಲಿಗೆ ಒಂದು ಡಾಲರ್ ತೆರಿಗೆ ಹಾಕುವ ಪ್ರಸ್ತಾಪವನ್ನು 2024ರ ಚುನಾವಣೆಯಲ್ಲಿ ಮತಕ್ಕೆ ಹಾಕಲು ನಿರ್ಧರಿಸಿದರು. ಮತದಾನಕ್ಕೆ ಮೊದಲೇ ಒಪ್ಪಂದವಾಯಿತು. ಪ್ರಸ್ತಾಪ ಹಿಂದೆ ಪಡೆದರೆ ಹತ್ತು ವರ್ಷಗಳಲ್ಲಿ 55 ಕೋಟಿ ಡಾಲರ್ ಕೊಡುವುದಾಗಿ ಕಂಪನಿ ಒಪ್ಪಿತು. ಅದೇ ತಿಂಗಳು ಸ್ಯಾನ್ ರಮೋನ್‌ನ ತನ್ನ ಕೇಂದ್ರ ಕಚೇರಿಯನ್ನು ಹ್ಯೂಸ್ಟನ್‌ಗೆ ಒಯ್ಯುವುದಾಗಿಯೂ ಪ್ರಕಟಿಸಿತು. ಹತ್ತು ವರ್ಷ ಅಂದರೆ ಹತ್ತು ವರ್ಷ ಅಷ್ಟೇ. ವಿದ್ಯುತ್ ಕಾರುಗಳ ಕಾಲದಲ್ಲಿ ತೈಲಾಗಾರ ಎಷ್ಟು ದಿನ, ಆಮೇಲೆ ಊರಿನ ಹೊಟ್ಟೆಪಾಡೇನು, ಒಂದು ಶತಮಾನದ ಎಣ್ಣೆ ಕುಡಿದ ಮಣ್ಣನ್ನು ಯಾರು ಶುದ್ಧ ಮಾಡುತ್ತಾರೆ? ಆ ಹಣವನ್ನು ದಿನದ ಖರ್ಚಿಗೆ ಸುರಿಯುವುದೋ, ನಾಳೆಗೆ ಕೂಡಿಡುವುದೋ? ಮನೆಯ ಲೆಕ್ಕ ಬರೆಯುವ ಯಾವ ಗೃಹಿಣಿಗೂ ಈ ಪ್ರಶ್ನೆ ಅರ್ಥವಾಗುತ್ತದೆ.

‘ರಿಚ್ಮಂಡಾ? ಅಲ್ಲಿ ಗಲಾಟೆ ಜಾಸ್ತಿ’ ಎಂದು ಹೇಳುವವರಿಗೂ ಒಂದು ಮಾತು. 2007ರಲ್ಲಿ ಆ ಊರಿನಲ್ಲಿ 47 ಕೊಲೆಗಳಾಗಿದ್ದವು. ಆ ವರ್ಷ ನಗರಸಭೆ ಪೊಲೀಸರಿಂದ ಪ್ರತ್ಯೇಕವಾದ ಒಂದು ಕಚೇರಿ ತೆರೆಯಿತು. ಬಂದೂಕು ಹಿಡಿಯುವ ಸಾಧ್ಯತೆ ಹೆಚ್ಚಿರುವ ಹುಡುಗರನ್ನು ಹುಡುಕಿ, ಅವರದೇ ಬೀದಿಗಳಲ್ಲಿ ಬೆಳೆದ ಹಿರಿಯರನ್ನು ಜೊತೆಗೆ ಕೊಟ್ಟು, ಓದು, ಕೆಲಸ, ಪ್ರವಾಸ, ತಿಂಗಳಿಗಿಷ್ಟು ಭತ್ಯೆಯ ವ್ಯವಸ್ಥೆ ಮಾಡಿದರು. ಪುಂಡರಿಗೆ ಸಂಬಳವೇ ಎಂದು ಟೀಕಿಸಿದವರೂ ಇದ್ದರು. 2014ರಲ್ಲಿ ಕೊಲೆಗಳ ಸಂಖ್ಯೆ 11ಕ್ಕೆ ಇಳಿಯಿತು. ಇದೊಂದೇ ಕಾರಣ ಎನ್ನಲಾಗದು, ಆದರೆ ಬೇರೆ ಊರುಗಳು ಇಲ್ಲಿಗೆ ಬಂದು ಕಲಿತುಕೊಂಡು ಹೋದವು.

ಹೋಗಿ ನೋಡುವವರಿಗೆ: ಹಳೆಯ ಫೋರ್ಡ್ ಕಾರ್ಖಾನೆಯ ಪಕ್ಕದಲ್ಲೇ ರೋಸಿ ಉದ್ಯಾನದ ಮಾಹಿತಿ ಕೇಂದ್ರವಿದೆ, ಪ್ರವೇಶ ಉಚಿತ. ಬಾರ್ಟ್‌ನಲ್ಲಿ ಹೋದರೆ ನಿಲ್ದಾಣದಿಂದ ಎರಡು ಮೂರು ಮೈಲಿ. 2019ರಿಂದ ಸ್ಯಾನ್ ಫ್ರಾನ್ಸಿಸ್ಕೋದಿಂದ ಫೆರಿ ದೋಣಿ ಕೂಡ ಅದೇ ಕಟ್ಟಡದ ಪಕ್ಕಕ್ಕೆ ಬರುತ್ತದೆ. ಇಲ್ಲಿಯೇ 1944ರಲ್ಲಿ ಕಟ್ಟಿದ ‘ರೆಡ್ ಓಕ್ ವಿಕ್ಟರಿ’ ಹಡಗು ವಸ್ತುಸಂಗ್ರಹಾಲಯವಾಗಿ ನಿಂತಿದೆ. ಜಪಾನಿನ ಶಿಮಾಡ ಎಂಬ ಊರು ರಿಚ್ಮಂಡ್‌ನ ಸೋದರ ನಗರ. ಆ ಸ್ನೇಹದ ಹೆಸರಿನಲ್ಲಿ ನೀರಿನಂಚಿಗೊಂದು ಪುಟ್ಟ ಉದ್ಯಾನವಿದೆ. ಹೂ ಬೆಳೆದವರನ್ನು ಹೊರಗಟ್ಟಿದ ಊರಿನಲ್ಲಿ ಇಂಥದೊಂದು ಉದ್ಯಾನ ಇರುವುದು ನನಗೆ ಸಮಾಧಾನ ಕೊಡುತ್ತದೆ. ಚಪಾತಿ ಪಲ್ಯ, ಮೊಸರನ್ನ ಕಟ್ಟಿಕೊಂಡು ಹೋದರೆ ಅಲ್ಲೇ ಕೂತು ಉಣ್ಣಬಹುದು. ಗಾಳಿ ಜೋರು, ಸ್ವೆಟರ್ ಮರೆಯಬೇಡಿ.

ಈ ಕೊಲ್ಲಿಯ ಸುತ್ತ ನಾವು ಸುಖವಾಗಿದ್ದೇವೆ. ನಮ್ಮ ಕಾರಿಗೆ ಹಾಕುವ ಪೆಟ್ರೋಲು, ನಾವು ಹೋಗುವ ಆಸ್ಪತ್ರೆ, ಸುತ್ತುವ ಮಾಲು, ಎಲ್ಲದರ ಒಂದು ಎಳೆ ರಿಚ್ಮಂಡ್‌ಗೆ ಕಟ್ಟಿದೆ. ಆ ಊರಿನವರ ಹೆಸರೂ ಒಮ್ಮೊಮ್ಮೆ ನಮ್ಮ ಮಾತಿನಲ್ಲಿ ಬರಲಿ.